ಪಿನ್ ಅಂಟಿಕೊಂಡ ಪ್ಲೇಟು

ಹಾಸನದ ಕೈಗಾರಿಕಾ ಪ್ರದೇಶದಲ್ಲಿರುವ ನನ್ನ ಶೆಡ್ಡಿಗೆ ಐಟಿಐ ಮುಗಿಸಿದ ಹುಡುಗರು ಬರುತ್ತಾರೆ. ಕತಾರಿಗೆ ಹೊರಡುವ ಮುನ್ನ ಕೈ ಪಳಗಿಸಿಕೊಳ್ಳಬೇಕು ಎನ್ನುತ್ತಾರೆ. ಅವರಿಗೆ ನಾನು ಹೇಳಿಕೊಡುವ ಮೊದಲ ಪಾಠ ಅಯಸ್ಕಾಂತದ್ದು.

2007ರಲ್ಲಿ ನಾನು ಕತಾರಿನ ರಾಸ್ ಲಫಾನ್‌ನಲ್ಲಿ ವೆಲ್ಡರ್ ಆಗಿದ್ದೆ. ಸಮುದ್ರದಡಿಯ ಅನಿಲವನ್ನು ಮೈನಸ್ 162 ಡಿಗ್ರಿಗೆ ತಣಿಸಿ, ದ್ರವ ಮಾಡಿ, ಹಡಗಿಗೆ ತುಂಬುವ ಊರು ಅದು. ದ್ರವವಾದ ಅನಿಲ ಸುಮಾರು ಆರುನೂರರಲ್ಲಿ ಒಂದು ಪಾಲು ಜಾಗದಲ್ಲಿ ಹಿಡಿಸುತ್ತದೆ. ಹಡಗಿನ ಬಾಡಿಗೆ ಗಿಟ್ಟುವುದು ಅದರಿಂದಲೇ. 1996ರ ಕೊನೆಯಲ್ಲಿ ಕತಾರಿನ ಮೊದಲ ಸರಕು ಜಪಾನಿಗೆ ಹೊರಟಿತು, 2004ರಿಂದ ಗುಜರಾತಿನ ದಹೇಜ್‌ಗೂ ಬರತೊಡಗಿತು. ವರ್ಷಕ್ಕೆ 77 ದಶಲಕ್ಷ ಟನ್ ಮುಟ್ಟಬೇಕೆಂದು ಹೊಸ ಘಟಕಗಳು ಏಳುತ್ತಿದ್ದ ಕಾಲ ಅದು.

ನನ್ನ ಪಾಲಿಗೆ ಬಂದದ್ದು ಆ ದ್ರವ ತುಂಬಿಡುವ ಟ್ಯಾಂಕಿನ ಕೆಲಸ. ಹೊರಗೆ ಕಾಂಕ್ರೀಟ್ ಗೋಡೆ, ಒಳಗೆ ಶೇ 9ರಷ್ಟು ನಿಕ್ಕಲ್ ಬೆರೆತ ಉಕ್ಕು, ನಡುವೆ ಚಳಿ ತಡೆಯುವ ಪರ್ಲೈಟ್ ಪುಡಿ. ನಾವಿಲ್ಲಿ ಟ್ರ್ಯಾಕ್ಟರ್ ಟ್ರೈಲರಿಗೆ ಹಾಕುವ ಉಕ್ಕು ಆ ಚಳಿಗೆ ಗಾಜಿನಂತೆ ಒಡೆಯುತ್ತದೆ. ನಿಕ್ಕಲ್ ಉಕ್ಕು ತಾಳಿಕೊಳ್ಳುತ್ತದೆ, ಆದರೆ ಬಹಳ ಬೇಗ ತಾನೇ ಅಯಸ್ಕಾಂತವಾಗಿಬಿಡುತ್ತದೆ.

ಒಂದು ಬೆಳಿಗ್ಗೆ ಅರಸೀಕೆರೆಯ ಹುಡುಗನೊಬ್ಬ ಕೂಗಿದ: “ಅಣ್ಣ, ಬಂದು ನೋಡಿ. ಕೈ ನೆಟ್ಟಗಿದೆ, ಆರ್ಕ್ ಪಕ್ಕಕ್ಕೆ ಓಡುತ್ತಿದೆ.” ಆರ್ಕ್ ಎಂದರೆ ಬೆಸುಗೆ ರಾಡಿಗೂ ಪ್ಲೇಟಿಗೂ ನಡುವೆ ಉರಿಯುವ ವಿದ್ಯುತ್ ಜ್ವಾಲೆ, ಲೋಹ ಕರಗುವುದು ಅದರಿಂದಲೇ.

ಹಿಂದಿನ ದಿನದ ಜೋಡಣೆಯ ಎಕ್ಸ್‌ರೇ ಫಿಲ್ಮಿನಲ್ಲಿ ಬೆಸುಗೆಯ ಬುಡವಾದ ರೂಟಿನ ಅಂಚಿಗುಂಟ ಕೂದಲೆಳೆಯಂಥ ಕಪ್ಪು ಗೆರೆ ಕಾಣಿಸಿತ್ತು. ಅಲ್ಲಿ ಲೋಹ ಕೂಡಿರಲಿಲ್ಲ. ಹುಡುಗನಿಗೆ ಕೆಲಸವೇ ಬರುವುದಿಲ್ಲವೆಂದು ಮೇಲಿನವರು ಬೈದಿದ್ದರು. ನಾನು ಜೇಬಿನಲ್ಲಿದ್ದ ಸೇಫ್ಟಿ ಪಿನ್ ತೆಗೆದು ಪ್ಲೇಟಿನ ಅಂಚಿಗೆ ಹಿಡಿದೆ. ಟಕ್ಕೆಂದು ಅಂಟಿಕೊಂಡು, ಬಿಟ್ಟರೂ ಬೀಳದೆ ನಿಂತಿತು. ಪ್ಲೇಟೇ ಅಯಸ್ಕಾಂತವಾಗಿ ಆರ್ಕನ್ನು ಪಕ್ಕಕ್ಕೆ ತಳ್ಳುತ್ತಿತ್ತು. ವಿಚಾರಿಸಿದರೆ, ಪ್ಲೇಟುಗಳನ್ನು ಅಯಸ್ಕಾಂತದ ಕ್ರೇನಿನಲ್ಲಿ ಎತ್ತಿ ಇಳಿಸಿದ್ದರು. ಈ ಉಕ್ಕಿಗೆ ಅದನ್ನು ಮಾಡಲೇಬಾರದು. ಯಾರೋ ಎತ್ತಿದ್ದಕ್ಕೆ ಹುಡುಗ ಬೈಗುಳ ತಿಂದದ್ದು ನನಗೆ ಇಂದಿಗೂ ನೋವಿನ ಸಂಗತಿ.

ಅಂಚಿನ ಬಳಿ ಕೇಬಲ್ಲನ್ನು ಸುರುಳಿ ಸುತ್ತಿಟ್ಟು ವಿದ್ಯುತ್ತನ್ನು ಎದುರು ದಿಕ್ಕಿಗೆ ಹರಿಸಿದೆವು. ಅಯಸ್ಕಾಂತದ ಬಲ ಅಳೆಯುವ ಗಾಸ್ ಮೀಟರಿನಲ್ಲಿ ಅಂಕಿ ಇಳಿದಂತೆಲ್ಲ ಪಿನ್ನಿನ ಹಿಡಿತ ಸಡಿಲಾಗಿ ಕೊನೆಗೆ ಅದು ಕೆಳಗೆ ಬಿತ್ತು. ಕೆಟ್ಟ ಭಾಗವನ್ನು ಗ್ರೈಂಡರಿನಿಂದ ಕೆರೆದು, ಒಂದೇ ದಿಕ್ಕಿಗೆ ಹರಿಯುವ ಡಿಸಿ ವಿದ್ಯುತ್ ಬಿಟ್ಟು ಎಸಿಯಲ್ಲಿ ಮತ್ತೆ ಬೆಸೆದೆವು. ಎಸಿಯಲ್ಲಿ ದಿಕ್ಕು ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಆರ್ಕ್ ಅಷ್ಟು ಅಲೆಯುವುದಿಲ್ಲ. ರಾಡೂ ಎಸಿಗೆ ಹೊಂದುವಂಥದ್ದೇ ಬೇಕು, ಆರ್ಕ್ ಗಿಡ್ಡವಾಗಿರಬೇಕು. ಎರಡನೆಯ ಫಿಲ್ಮ್ ಚೊಕ್ಕವಾಗಿ ಬಂತು. ಅದನ್ನು ಬೆಳಕಿಗೆ ಹಿಡಿದು ಹುಡುಗ ಬಹಳ ಹೊತ್ತು ನೋಡಿದ.

ಟ್ಯಾಂಕಿಗೆ ಮೊದಲ ದ್ರವವನ್ನು ಒಮ್ಮೆಲೇ ಸುರಿಯುವುದಿಲ್ಲ. ಮೇಲಿನಿಂದ ಚಿಮುಕಿಸುತ್ತ ಗಂಟೆಗೆ ಕೆಲವೇ ಡಿಗ್ರಿಯಂತೆ ತಣಿಸುತ್ತಾರೆ. ಅವಸರ ಮಾಡಿದರೆ ಉಕ್ಕು ಒಂದು ಕಡೆ ಕುಗ್ಗಿ ಇನ್ನೊಂದು ಕಡೆ ಹಾಗೆಯೇ ಉಳಿದು ಸೆಳೆತ ಬೀಳುತ್ತದೆ. ಆಗ ನಾವು ಪಕ್ಕದ ಟ್ಯಾಂಕಿನ ಕೆಲಸದಲ್ಲಿದ್ದೆವು. ಪಾಳಿ ಮುಗಿದ ಮೇಲೆ ಹುಡುಗ ಹೋಗಿ ಎಷ್ಟು ಡಿಗ್ರಿಗೆ ಇಳಿಯಿತೆಂದು ಕೇಳಿಕೊಂಡು ಬರುತ್ತಿದ್ದ. ನಾವು ಬೆಸೆದ ಜಾಗ ಸೋರಲಿಲ್ಲ.