ಹಳ್ಳ ಬಂದರೆ ಎಲ್ಲಿಯವರೆಗೆ ಬರುತ್ತದೆ? ನಿಮ್ಮೂರಿನ ನೆರೆ ನಕ್ಷೆ ನೀವೇ ಮಾಡಿ

ಶಿಗ್ಗಾವಿ ತಾಲ್ಲೂಕಿನಲ್ಲಿ ಹುಟ್ಟಿ ಕುಂದಗೋಳ, ಹುಬ್ಬಳ್ಳಿ, ನವಲಗುಂದದ ಎರೆ ಹೊಲಗಳನ್ನು ಹಾಯ್ದು ಮಲಪ್ರಭೆಯನ್ನು ಸೇರುವ ಬೆಣ್ಣಿಹಳ್ಳವನ್ನು ಬೇಸಿಗೆಯಲ್ಲಿ ಕಂಡವರು ಅದರ ಮಳೆಗಾಲದ ರೂಪವನ್ನು ನಂಬುವುದಿಲ್ಲ. ಮೇಲೆ ಮಳೆ ಬಿದ್ದರೆ, ತುಪ್ಪರಿಹಳ್ಳವೂ ಜೊತೆಗೂಡಿದರೆ, ಬೆಳಗಾಗುವುದರೊಳಗೆ ಹೊಲ ಯಾವುದು, ರಸ್ತೆ ಯಾವುದು ತಿಳಿಯದು. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಅಣೆಕಟ್ಟೆಯಿಂದ ಮಲಪ್ರಭೆಗೆ ನೀರು ಬಿಟ್ಟಾಗ ನರಗುಂದ ತಾಲ್ಲೂಕಿನ ಕೊಣ್ಣೂರು, ಲಖಮಾಪುರಗಳು ಜಲಾವೃತವಾದವು. ನೀರು ಎಲ್ಲಿಯವರೆಗೆ ಬರಬಹುದು ಎಂದು ತೋರಿಸುವ ನಕ್ಷೆ ಹಳ್ಳದ ದಂಡೆಯ ಪ್ರತಿ ಊರಿನಲ್ಲಿಯೂ ಇರಲೇಬೇಕು ಎಂಬುದು ನನ್ನ ಹಟ. ಅದನ್ನು ಮಾಡಲು ದುಬಾರಿ ತಂತ್ರಾಂಶ ಬೇಕಿಲ್ಲ.

ಬೇಕಾದದ್ದು ಕ್ಯೂಜಿಐಎಸ್. 2002ರಲ್ಲಿ ಗ್ಯಾರಿ ಶೆರ್ಮನ್ ಆರಂಭಿಸಿದ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಮುಕ್ತ ನಕ್ಷೆ ತಂತ್ರಾಂಶ ಇದು. ಇದೊಂದು ಟ್ರ್ಯಾಕ್ಟರ್ ಎಂದುಕೊಳ್ಳಿ. ರಂಟೆ, ಕುಂಟೆ, ಟ್ರೇಲರ್‌ಗಳನ್ನು ಕೆಲಸಕ್ಕೆ ತಕ್ಕಂತೆ ಹಿಂದೆ ಜೋಡಿಸುವ ಹಾಗೆ ಇದಕ್ಕೆ ಪ್ಲಗಿನ್‌ಗಳನ್ನು ಜೋಡಿಸಬೇಕು. ‘ಪ್ಲಗಿನ್ಸ್’ ಮೆನುವಿನಲ್ಲಿ ಹೆಸರು ಹುಡುಕಿ ಇನ್‌ಸ್ಟಾಲ್ ಒತ್ತಿದರೆ ಮುಗಿಯಿತು. ಕಂಡದ್ದನ್ನೆಲ್ಲ ತುಂಬಿಕೊಳ್ಳಬೇಡಿ, ಇಲ್ಲಿ ಹೇಳುವ ನಾಲ್ಕೈದು ಸಾಕು.

ನೆಲದ ಏರಿಳಿತ

ಮೊದಲು ನೆಲದ ಎತ್ತರದ ದತ್ತಾಂಶ ತನ್ನಿ. ‘ಓಪನ್ ಟೊಪೊಗ್ರಫಿ ಡಿಇಎಂ ಡೌನ್‌ಲೋಡರ್’ ಪ್ಲಗಿನ್ ಹಾಕಿಕೊಂಡು, ಆ ಜಾಲತಾಣದಲ್ಲಿ ಉಚಿತ ಕೀ (ಬಳಕೆದಾರರ ಗುರುತಿನ ಸಂಕೇತ) ಪಡೆದು, ನಿಮಗೆ ಬೇಕಾದ ಪ್ರದೇಶವನ್ನು ಆಯ್ದುಕೊಳ್ಳಿ. 2000ನೇ ಇಸವಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ಅಳೆದ ಎಸ್‌ಆರ್‌ಟಿಎಂ ಎಂಬ ಎತ್ತರ ದತ್ತಾಂಶಕ್ಕಿಂತ ಯುರೋಪಿನ ಕೋಪರ್ನಿಕಸ್ ಯೋಜನೆಯ ದತ್ತಾಂಶ ನಮ್ಮ ಸಮತಟ್ಟಾದ ಎರೆ ಸೀಮೆಗೆ ಮೇಲು. ಇಳಿಸಿಕೊಂಡ ಮೇಲೆ ಅದನ್ನು ನೆಲವನ್ನು ಮೀಟರ್‌ನಲ್ಲಿ ಅಳೆಯುವ ಯುಟಿಎಂ ನಕ್ಷಾ ಪದ್ಧತಿಯ 43 ಉತ್ತರ ವಲಯಕ್ಕೆ, ಅಂದರೆ ತಂತ್ರಾಂಶದಲ್ಲಿ ಇಪಿಎಸ್‌ಜಿ 32643 ಎಂಬ ಸಂಕೇತಕ್ಕೆ ಬದಲಿಸಿ. ಧಾರವಾಡ, ಗದಗ, ಹಾವೇರಿ ಮೂರೂ ಇದೇ ವಲಯದಲ್ಲಿವೆ. ಇದನ್ನು ಬಿಟ್ಟರೆ ಉದ್ದ ಅಗಲಗಳು ಮೀಟರ್‌ನಲ್ಲಿ ಬರುವುದಿಲ್ಲ, ಮುಂದಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಈ ದತ್ತಾಂಶದ ಒಂದು ಚೌಕ ಸುಮಾರು 30 ಮೀಟರ್ ಉದ್ದ, ಅಷ್ಟೇ ಅಗಲ. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 9 ಗುಂಟೆ. ಒಂಬತ್ತು ಗುಂಟೆಗೆ ಒಂದೇ ಎತ್ತರ! ಹೊಲದ ಬದು, ಊರೊಳಗಿನ ಗಟಾರು ಇದರಲ್ಲಿ ಕಾಣುವುದಿಲ್ಲ. ಇಂಥ ನಕ್ಷೆಯಿಂದ ಯಾವ ಓಣಿ ತಗ್ಗಿನಲ್ಲಿದೆ ಎಂದು ಹೇಳಬಹುದೇ ಹೊರತು ಯಾರ ಮನೆಯ ಹೊಸ್ತಿಲಿಗೆ ನೀರು ಬರುತ್ತದೆ ಎಂದು ಹೇಳಲಾಗದು.

ನಕ್ಷೆ ನಂಬಿಸುವ ಸುಳ್ಳು ಕೆರೆ

ಬಹಳ ಜನ ಎಡವುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ. ನಾನು ನವಲಗುಂದ ಭಾಗದ ಒಂದು ಊರಿಗೆ ಮಾಡಿದ ಮೊದಲ ನಕ್ಷೆಯಲ್ಲಿ, ರಸ್ತೆಯ ಮೇಲ್ಭಾಗಕ್ಕೆ ದೊಡ್ಡದೊಂದು ಕೆರೆ ನಿಂತಿತ್ತು. ಅದನ್ನು ಊರಿನ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಮಾತಾಡದೆ ನನ್ನನ್ನು ರಸ್ತೆಯ ಬದಿಗೆ ಕರೆದುಕೊಂಡು ಹೋಗಿ ಜಾಲಿ ಕಂಟಿ ಸರಿಸಿದರು. ಒಳಗೆ ಕಲ್ಲಿನ ಮೋರಿ. ನೀರು ಅದರೊಳಗಿಂದ ಹರಿದು ಹೋಗುತ್ತಿತ್ತು, ಆದರೆ ಉಪಗ್ರಹ ಕಂಡದ್ದು ಮೇಲಿನ ರಸ್ತೆಯ ಏರಿಯನ್ನು ಮಾತ್ರ. ಕಂಪ್ಯೂಟರ್ ಆ ಏರಿಯನ್ನು ಒಡ್ಡು ಎಂದು ತಿಳಿದು ಅದರ ಹಿಂದೆ ನೀರು ತುಂಬಿಸಿತ್ತು.

ಇದನ್ನು ಸರಿಪಡಿಸಲು ಎರಡು ಪ್ಲಗಿನ್‌ಗಳಿವೆ. ‘ಕ್ವಿಕ್‌ಓಎಸ್‌ಎಂ’, ಜನರೇ ಸೇರಿ ಮಾಡಿದ ಉಚಿತ ನಕ್ಷೆಯಾದ ಓಪನ್ ಸ್ಟ್ರೀಟ್ ಮ್ಯಾಪ್‌ನಲ್ಲಿ ದಾಖಲಾಗಿರುವ ರಸ್ತೆ, ಹಳ್ಳ, ಸೇತುವೆಗಳನ್ನು ತಂದು ಕೊಡುತ್ತದೆ. ರಸ್ತೆ ಮತ್ತು ಹಳ್ಳ ಕೂಡುವ ಕಡೆಯೆಲ್ಲ ಒಂದು ಚುಕ್ಕೆ ಇಡಿ. ಅವುಗಳಲ್ಲಿ ಎಷ್ಟು ಕಡೆ ಮೋರಿ ಇದೆ, ಎಷ್ಟು ಕಡೆ ಅದು ಹೂಳು ತುಂಬಿ ಮುಚ್ಚಿದೆ ಎಂಬುದನ್ನು ಹೋಗಿಯೇ ನೋಡಬೇಕು. ಆಮೇಲೆ ‘ಸರ್ವಲ್’ ಪ್ಲಗಿನ್‌ನಲ್ಲಿ, ನೀರು ಹೊರಹೋಗುವ ಜಾಗದ ಚೌಕವನ್ನು ಆಯ್ದು, ಅದರ ಎತ್ತರವನ್ನು ಕೆಳಗಿನ ಹಳ್ಳದ ತಳಕ್ಕೆ ಸರಿಯಾಗಿ ಇಳಿಸಿ. ಮುಚ್ಚಿದ ಮೋರಿಯನ್ನು ಇಳಿಸಬೇಡಿ, ಅಲ್ಲಿ ನೀರು ನಿಜವಾಗಿಯೂ ನಿಲ್ಲುತ್ತದೆ.

ಇಷ್ಟಾದ ಮೇಲೆಯೇ, ನೀರು ಎಲ್ಲಿಯೂ ಸಿಕ್ಕಿಕೊಳ್ಳದಂತೆ ದತ್ತಾಂಶದ ತಗ್ಗುಗಳನ್ನು ತುಂಬುವ ಉಪಕರಣಗಳನ್ನು ಓಡಿಸಿ. ಮೊದಲೇ ಓಡಿಸಿದರೆ ರಸ್ತೆಯ ಹಿಂದಿನ ತಗ್ಗೆಲ್ಲ ಏರಿಯ ಮಟ್ಟಕ್ಕೆ ತುಂಬಿಕೊಂಡು ಸುಳ್ಳು ಕೆರೆಯೇ ನೆಲವಾಗಿ ಬಿಡುತ್ತದೆ. ಕ್ಯೂಜಿಐಎಸ್ ಜೊತೆಗೆ ಬರುವ ಗ್ರಾಸ್ ಎಂಬ ಇನ್ನೊಂದು ಮುಕ್ತ ನಕ್ಷೆ ತಂತ್ರಾಂಶದ ‘ಆರ್.ವಾಟರ್‌ಶೆಡ್’ ತಗ್ಗು ತುಂಬದೆಯೂ ಹಳ್ಳದ ದಾರಿ ಹುಡುಕುತ್ತದೆ. ನನಗೆ ಅದೇ ಒಳ್ಳೆಯದೆನಿಸುತ್ತದೆ.

ಎಷ್ಟು ನೀರು?

ಮಳೆಯ ಅಂಕಿಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳಿವೆ. ಎಷ್ಟು ಮಳೆ ಹರಿದು ಹೋಗುತ್ತದೆ ಎಂಬುದಕ್ಕೆ ಕರ್ವ್ ನಂಬರ್ ವಿಧಾನ, ಅಂದರೆ ಮಣ್ಣು ಮತ್ತು ನೆಲದ ಬಳಕೆ ನೋಡಿ ನೂರರೊಳಗೆ ಒಂದು ಅಂಕಿ ಕೊಟ್ಟು ಮಾಡುವ ಲೆಕ್ಕ. ಎರೆ ಮಣ್ಣು ಒಮ್ಮೆ ನೆನೆದು ಉಬ್ಬಿತೆಂದರೆ ನೀರನ್ನು ಒಳಗೆ ಬಿಡುವುದಿಲ್ಲ, ಆದ್ದರಿಂದ ಇಲ್ಲಿ ಅಂಕಿ ದೊಡ್ಡದು. ಕರ್ವ್ ನಂಬರ್ 85 ಎಂದಿಟ್ಟುಕೊಂಡರೆ, 100 ಮಿಲಿಮೀಟರ್ ಮಳೆಯಲ್ಲಿ 61 ಮಿಲಿಮೀಟರ್ ಹರಿದು ಬರುತ್ತದೆ. ಒಂದು ಚದರ ಕಿಲೋಮೀಟರ್‌ಗೆ 61 ಸಾವಿರ ಘನ ಮೀಟರ್!

ನೀರು ಹರಿಸುವುದು

ಒಂದೆರಡು ಕಿಲೋಮೀಟರ್‌ನ ತುಂಡಿಗೆ, ಆತುರಕ್ಕೆ, ಗ್ರಾಸ್‌ನ ‘ಆರ್.ಲೇಕ್’ ಸಾಕು. ಹಳ್ಳದೊಳಗೆ ಒಂದು ಚುಕ್ಕೆ ಇಟ್ಟು ನೀರಿನ ಮಟ್ಟ ಕೊಟ್ಟರೆ ಆ ಮಟ್ಟಕ್ಕೆ ಮುಳುಗುವ ನೆಲವನ್ನು ತೋರಿಸುತ್ತದೆ. ಆದರೆ ಅದಕ್ಕೆ ನೀರು ನಿಂತದ್ದು, ಹರಿಯುವುದಲ್ಲ. ಹರಿವು, ವೇಗ, ಸಮಯ ಬೇಕೆಂದರೆ ಕಂಪ್ಯೂಟರಿನಲ್ಲಿಯೇ ನೀರು ಹರಿಸಿ ನೋಡುವ ಮಾದರಿ, ಅಂದರೆ ಹೆಕ್-ರಾಸ್ ತಂತ್ರಾಂಶ ಬೇಕು. ಅದು ಉಚಿತ, ಆದರೆ ಮುಕ್ತ ತಂತ್ರಾಂಶವಲ್ಲ. ಅದರ ಎರಡು ಆಯಾಮದ ಫಲಿತಾಂಶದ ಎಚ್‌ಡಿಎಫ್ ಕಡತವನ್ನು ಕ್ಯೂಜಿಐಎಸ್‌ನಲ್ಲಿ ಮೆಶ್ (ಬಲೆಯಂಥ) ಪದರವಾಗಿ ತೆರೆಯಬಹುದು. ‘ಕ್ರೇಫಿಶ್’ ಪ್ಲಗಿನ್ ಇದ್ದರೆ ಬೇಕಾದ ಜಾಗದಲ್ಲಿ ಗಂಟೆ ಗಂಟೆಗೆ ನೀರು ಏರಿದ್ದರ ರೇಖಾಚಿತ್ರ ಸಿಗುತ್ತದೆ. ಸೇತುವೆಯ ಬಳಿ ಒಂದು, ಶಾಲೆಯ ಬಳಿ ಒಂದು ಚುಕ್ಕೆ ಇಟ್ಟು ಅದನ್ನು ತೆಗೆದುಕೊಳ್ಳಿ.

ಮಾದರಿಗೆ ಕೊಡುವ ಅಂಕಿಗಳಲ್ಲಿ ಮ್ಯಾನಿಂಗ್ ಗುಣಾಂಕದ ಮೇಲೆ ಗಮನವಿರಲಿ. ನೀರಿಗೆ ನೆಲ ಒಡ್ಡುವ ತಡೆಯ ಅಳತೆ ಅದು. ಚೊಕ್ಕಟವಾದ ಹಳ್ಳಕ್ಕೆ 0.03 ಇದ್ದರೆ ಬಳ್ಳಾರಿ ಜಾಲಿ ಬೆಳೆದ ಹಳ್ಳಕ್ಕೆ ಅದರ ಎರಡು ಪಟ್ಟು ದಾಟುತ್ತದೆ. ಅಗಲವಾದ ಹಳ್ಳದಲ್ಲಿ ಈ ಗುಣಾಂಕ ಎರಡು ಪಟ್ಟಾದರೆ, ಅಷ್ಟೇ ನೀರು ಸುಮಾರು ಒಂದೂವರೆ ಪಟ್ಟು ಆಳವಾಗಿ ಹರಿಯುತ್ತದೆ. ಹಳ್ಳದ ಜಾಲಿ ಕಡಿಸಿ ಎಂದು ರೈತರು ಕೇಳುವುದರ ಹಿಂದೆ ಇರುವುದು ಈ ಲೆಕ್ಕವೇ.

ಗೋಡೆಯ ಮೇಲಿನ ಗೆರೆ

ಈಗ ನಕ್ಷೆ ಬಂದಿದೆ, ನೀಲಿ ಬಣ್ಣ ಕಣ್ಣಿಗೆ ತಂಪಾಗಿದೆ. ಅದನ್ನು ಇನ್ನೂ ಯಾರಿಗೂ ಕೊಡಬೇಡಿ. ‘ಕ್ಯೂಫೀಲ್ಡ್‌ಸಿಂಕ್’ ಪ್ಲಗಿನ್‌ನಿಂದ ನಕ್ಷೆಯನ್ನು ಮೊಬೈಲ್‌ನ ಕ್ಯೂಫೀಲ್ಡ್ ಆ್ಯಪ್‌ಗೆ ಕಳುಹಿಸಿ ಊರಿಗೆ ಹೋಗಿ. ಹಿಂದಿನ ನೆರೆಯ ಗುರುತು ಎಲ್ಲಿದೆ ಎಂದು ಕೇಳಿ. ಗುಡಿಯ ಕಂಬ, ಹಗೇವಿನ ಬಾಯಿ, ಶಾಲೆಯ ಗೋಡೆಯ ಮೇಲೆ ಕೆಸರಿನ ಗೆರೆ, ಹೀಗೆ ಏನಾದರೊಂದು ಇದ್ದೇ ಇರುತ್ತದೆ. ನೆಲದಿಂದ ಎಷ್ಟು ಅಡಿ ಎಂದು ಟೇಪು ಹಿಡಿದು ಅಳೆಯಿರಿ, ಮೊಬೈಲ್ ತೋರಿಸುವ ಎತ್ತರ ಹಲವು ಮೀಟರ್ ತಪ್ಪಿರುತ್ತದೆ. ಯಾವ ವರ್ಷದ್ದೆಂದು ಮರೆಯದೆ ಕೇಳಿ ಬರೆದುಕೊಳ್ಳಿ. 2009ರ ಗೆರೆ, 2019ರ ಗೆರೆ ಕೂಡಿಹೋದರೆ ಪ್ರಯೋಜನವಿಲ್ಲ. ಹೆಣ್ಣುಮಕ್ಕಳನ್ನು ಕೇಳುವುದನ್ನು ಬಿಡಬೇಡಿ. ಒಲೆಯೊಳಗೆ ನೀರು ಬಂದದ್ದು ಯಾವ ಹೊತ್ತಿಗೆ ಎಂಬುದು ಅವರಿಗೆ ಚೆನ್ನಾಗಿ ನೆನಪಿರುತ್ತದೆ.

ಮೋಡವನ್ನೂ ಸೀಳಿ ನೋಡುವ ಸೆಂಟಿನೆಲ್-1 ರೇಡಾರ್ ಉಪಗ್ರಹದ ಉಚಿತ ಚಿತ್ರಗಳನ್ನೂ ಹೋಲಿಸಿ ನೋಡಬಹುದು. ಆದರೆ ಒಂದು ಉಪಗ್ರಹ ಅದೇ ಪಥಕ್ಕೆ ಮರಳಲು 12 ದಿನ ಬೇಕು. ಹಳ್ಳ ಅಷ್ಟು ದಿನ ಕಾಯುವುದಿಲ್ಲ, ನೀರು ಇಳಿದ ಮೇಲಿನ ಚಿತ್ರ ಸಿಗುವುದೇ ಹೆಚ್ಚು.

ಮಾದರಿಯ ಆಳ ಮತ್ತು ಗೋಡೆಯ ಗೆರೆ ಹೊಂದುವವರೆಗೆ ಗುಣಾಂಕವನ್ನು ಸ್ವಲ್ಪ ಸ್ವಲ್ಪವೇ ಬದಲಿಸಿ. ಒಂದು ಕಡೆ ಮಾತ್ರ ಎಷ್ಟು ಮಾಡಿದರೂ ಹೊಂದದಿದ್ದರೆ ಅಲ್ಲಿ ನಿಮ್ಮ ಕಣ್ಣಿಗೆ ಬೀಳದ ಮೋರಿಯೋ ಒಡ್ಡೋ ಇರಬಹುದು, ಮತ್ತೊಮ್ಮೆ ಹೋಗಿ ನೋಡಿ.

ಕೊನೆಗೆ ಪಂಚಾಯಿತಿಯ ಗೋಡೆಗೆ ಹಾಕುವ ನಕ್ಷೆಯಲ್ಲಿ ಮೀಟರ್ ಲೆಕ್ಕ ಬರೆಯಬೇಡಿ. ಸೇತುವೆಯ ಕಂಬದ ಮೇಲೆ ಮೂರು ಬಣ್ಣದ ಪಟ್ಟಿ ಬಳಿಯಿಸಿ, ನಕ್ಷೆಯಲ್ಲಿಯೂ ಅವೇ ಮೂರು ಬಣ್ಣಗಳಿರಲಿ: ನೀರು ಹಳದಿ ಪಟ್ಟಿ ಮುಟ್ಟಿದರೆ ಯಾವ ಹೊಲದ ದಾರಿ ಮುಚ್ಚುತ್ತದೆ, ಕೇಸರಿ ಮುಟ್ಟಿದರೆ ಯಾವ ಓಣಿ ಖಾಲಿಯಾಗಬೇಕು, ಕೆಂಪು ಮುಟ್ಟುವ ಮೊದಲು ದನಕರುಗಳನ್ನು ಯಾವ ದಿಬ್ಬಕ್ಕೆ ಹೊಡೆದುಕೊಂಡು ಹೋಗಬೇಕು.