ಹೊಸಬರಿಗೆ ಮಾರ್ಗದರ್ಶಿ: ಟಿಕೆಟ್‌ನಲ್ಲಿ ಇರದ ಗಂಟೆಗಳು

ಬ್ಯಾಂಕು, ಶಾಲೆ ಅಂತ ವರ್ಗವಾಗಿ ಕೊಡಗಿಗೆ ಬಂದವರು ಬಾಡಿಗೆ ಮನೆ ಸಿಕ್ಕಿದ ಮೇಲೆ ಸಂಘದಲ್ಲಿ ಕೇಳುವುದು ಏರ್‌ಪೋರ್ಟ್ ಎಷ್ಟು ದೂರ ಅಂತ. ಮಗ ದುಬೈನಲ್ಲಿ, ಮಗಳು ಅಮೆರಿಕದಲ್ಲಿ ಇದ್ದರೆ ಕೇಳಲೇಬೇಕಲ್ವಾ. ಇಲ್ಲಿ ಏರ್‌ಪೋರ್ಟ್ ಇಲ್ಲ, ರೈಲೂ ಇಲ್ಲ. ಅದಕ್ಕೆ ಮೂಗು ಮುರಿಯಬೇಡಿ. ಈ ಜಿಲ್ಲೆಯ ಜನರಲ್ ತಿಮ್ಮಯ್ಯನವರು ಕೊರಿಯಾ, ಸೈಪ್ರಸ್‌ವರೆಗೂ ಹೋಗಿ ವಿಶ್ವಸಂಸ್ಥೆಯ ಹೊಣೆ ಹೊತ್ತವರು.

ಮಡಿಕೇರಿಯಿಂದ ರಸ್ತೆ, ಸುಮಾರಾಗಿ:
ಕಣ್ಣೂರು (ಮಟ್ಟನ್ನೂರು) – 90 ಕಿ.ಮೀ.
ಮಂಗಳೂರು – 140
ಬೆಂಗಳೂರು (ದೇವನಹಳ್ಳಿ) – 300ರ ಹತ್ತಿರ

ತೊಂಬತ್ತು ಕಿಲೋಮೀಟರ್ ಅಂದ ತಕ್ಷಣ ಬಯಲುಸೀಮೆಯವರು ಒಂದೂವರೆ ಗಂಟೆ ಅಂತಾರೆ. ಮೂರು ಗಂಟೆ ಇಟ್ಟುಕೊಳ್ಳಿ. ವಿರಾಜಪೇಟೆ ದಾಟಿ ಪೆರುಂಬಾಡಿಯಿಂದ ಮಾಕುಟ್ಟ ಘಾಟಿಯ ಇಳಿಜಾರು ಶುರು. ಎದುರಿಗೆ ಲಾರಿ ಬಂದರೆ ನಿಲ್ಲಬೇಕು. ಮಕ್ಕಳಿಗೆ ವಾಂತಿ, ಅಲ್ಲೊಮ್ಮೆ ನಿಲ್ಲಬೇಕು. ಜುಲೈನಲ್ಲಿ ಮರ ಅಡ್ಡ ಬಿದ್ದರಂತೂ ಕಡಿದು ಪಕ್ಕಕ್ಕೆ ಎಳೆಯುವವರೆಗೆ ಕಾರಿನ ಗಾಜು ಒರೆಸುತ್ತಾ ಕೂರಬೇಕು. ಮಂಗಳೂರು ದಾರಿಯನ್ನೂ ನಂಬಿ ಕೂರುವ ಹಾಗಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡದ ಬರೆ ಜರಿದು ಆ ರಸ್ತೆ ವಾರಗಟ್ಟಲೆ ಬಂದ್ ಆಗಿತ್ತು. ಮಳೆಗಾಲದಲ್ಲಿ ಹಿಂದಿನ ದಿನವೇ ಘಾಟಿ ಇಳಿದು ಕೆಳಗೆ ರೂಮು ಮಾಡಿ. ಹೀಗೆ ಹೇಳಿದರೆ ದುಡ್ಡು ದಂಡ ಅಂತ ನಗುವವರಿದ್ದಾರೆ. ನಗಲಿ.

ಕಣ್ಣೂರಿನಿಂದ ದುಬೈಗೆ ನೇರ ದೂರ ಸುಮಾರು 2,600 ಕಿ.ಮೀ. ವಿಮಾನಕ್ಕೆ ನಾಲ್ಕು ಗಂಟೆಯ ಆಸುಪಾಸು. ಘಾಟಿಗೆ ಮೂರು, ಕೌಂಟರ್ ಮುಂದೆ ಮೂರು. ಹಾರುವುದಕ್ಕಿಂತ ನೆಲದ ಮೇಲೇ ಜಾಸ್ತಿ ಹೊತ್ತು ಕಳೆಯುತ್ತೀರಿ.

ಟಿಕೆಟ್‌ನಲ್ಲಿ ಹಾಕುವುದು ಆಯಾ ಊರಿನ ಸಮಯ. ಬೆಳಿಗ್ಗೆ 8ಕ್ಕೆ ಹೊರಟು 10.20ಕ್ಕೆ ದುಬೈ ಅಂತ ಇದ್ದರೆ ಅದು ಎರಡು ಗಂಟೆ ಇಪ್ಪತ್ತು ನಿಮಿಷದ ಪ್ರಯಾಣ ಅಲ್ಲ. ಅಲ್ಲಿಯ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಅದನ್ನು ಕೂಡಿಸಿದರೆ 3 ಗಂಟೆ 50 ನಿಮಿಷ. ವಾಪಸ್ ಬರುವಾಗ ಕಳೆಯಬೇಕು. ಮನೆಯ ಹಿರಿಯರಿಗೆ ಇದನ್ನು ಮೊದಲೇ ಬಿಡಿಸಿ ಹೇಳಿ. ಇಲ್ಲದಿದ್ದರೆ ಫೋನ್ ಬರಲಿಲ್ಲ ಅಂತ ಸುಮ್ನೆ ಗಾಬರಿ ಬೀಳುತ್ತಾರೆ.

ಹೋಗುವ, ಬರುವ ಗಂಟೆಗಳೂ ಒಂದೇ ಇರುವುದಿಲ್ಲ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಇರುತ್ತದೆ. ಅದಕ್ಕೇ ಲಂಡನ್‌ನಿಂದ ಬೆಂಗಳೂರಿಗೆ ಬರುವ ವಿಮಾನ ಸಾಮಾನ್ಯವಾಗಿ ಬೇಗ ಮುಟ್ಟುತ್ತದೆ. ಭೂಮಿ ತಿರುಗಿ ಊರೇ ಹತ್ತಿರ ಬರುತ್ತದೆ ಅನ್ನುವುದೆಲ್ಲ ಕಟ್ಟುಕತೆ.

ಅಮೆರಿಕದ್ದು ಬೇರೆ ಲೆಕ್ಕ. ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ದೂರವೇ ಸುಮಾರು 14,000 ಕಿ.ಮೀ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಅಲ್ಲಿಂದ ಉತ್ತರ ಧ್ರುವದ ಮೇಲಿಂದ ಎಲ್ಲೂ ನಿಲ್ಲದೆ ಬೆಂಗಳೂರಿಗೆ ಬಂದರು. ಸುಮಾರು 17 ಗಂಟೆ ಹಿಡಿಯಿತು. ಗೋಡೆಯ ನಕ್ಷೆ ನೋಡಿದರೆ ಈ ದಾರಿ ವಿಚಿತ್ರ ಅನಿಸುತ್ತದೆ. ಮಕ್ಕಳ ಗ್ಲೋಬ್ ಮೇಲೆ ದಾರ ಎಳೆದು ಹಿಡಿಯಿರಿ, ಅದು ತಾನಾಗಿ ಧ್ರುವದ ಕಡೆ ಏರುತ್ತದೆ. ನಡುವೆ ವಿಮಾನ ಬದಲಿಸುವುದಾದರೆ ಕಾಯುವ ಹೊತ್ತನ್ನೂ ಸೇರಿಸಿ ನೋಡಿ. ಅಗ್ಗ ಅಂತ ಎರಡು ಬೇರೆ ಟಿಕೆಟ್ ಮಾಡಿಸಬೇಡಿ. ನಡುವಿನ ಊರಲ್ಲಿ ಲಗೇಜ್ ನೀವೇ ತೆಗೆದು ಮತ್ತೆ ಹಾಕಬೇಕಾಗುತ್ತದೆ, ಅಲ್ಲಿಯ ವೀಸಾ ಕೂಡ ಬೇಕಾಗಬಹುದು.

ಬ್ಯಾಗಿನಲ್ಲಿ:
ಕಾಫಿ ಪುಡಿ – ಸೀಲ್ ಮಾಡಿಸಿ
ಒಣ ಕೊಬ್ಬರಿ – ಬೇಡ
ಹಂದಿ ಮಾಂಸದ ಉಪ್ಪಿನಕಾಯಿ – ಬೇಡ
ಗಸಗಸೆ – ದುಬೈಗೆ ಒಂದು ಚಮಚವೂ ಬೇಡ, ಅಲ್ಲಿ ಜೈಲಿಗೆ ಹಾಕುತ್ತಾರೆ