ಯಾವ ದಿನಕ್ಕೆ ಯಾವ ಕಥೆ: ಬೇಸಿಗೆ ರಜೆಯಲ್ಲಿ ನಾನು ಹುಡುಕಿದ ಬಗೆ

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ನಾನು ಮೇಲ್ವಿಚಾರಕಿ. ಬೇಸಿಗೆ ರಜೆ ಬಂತೆಂದರೆ ಮಕ್ಕಳಿಗೆ ಕಥೆ ಹೇಳುವುದೇ ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆಯುವಷ್ಟು ಬಿಸಿಲು. ಹಾಗಾಗಿ ನಮ್ಮ ಕಥೆಯೂ ಬೆಳಿಗ್ಗೆಯೇ. ಅಂದು ಹಬ್ಬವಿದ್ದರೆ ಹಬ್ಬಕ್ಕೆ ಹೊಂದುವ ಕಥೆ. ಹಬ್ಬವಿಲ್ಲದಿದ್ದರೂ ಕ್ಯಾಲೆಂಡರಿನಲ್ಲಿ ಏನಾದರೊಂದು ಇದ್ದೇ ಇರುತ್ತದೆ: ಮೇ 8 ಕತ್ತೆಗಳ ದಿನ, ಮೇ 20 ಜೇನುನೊಣಗಳ ದಿನ, ಮೇ 23 ಆಮೆಗಳ ದಿನ. ಇಂಥ ವಿಚಿತ್ರ ದಿನಗಳೆಂದರೆ ಮಕ್ಕಳಿಗೆ ಬಹಳ ಖುಷಿ.

ದಿನದ ಹೆಸರು ಹಿಡಿದು ಕಥೆ ಹುಡುಕುವುದಕ್ಕಿಂತ, ಆ ದಿನ ಏನು ನಡೆಯುತ್ತದೆ ಎಂಬುದನ್ನು ಹಿಡಿದು ಹುಡುಕುವುದು ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹೆಸರಿಗೆ ಜೋತುಬಿದ್ದರೆ ಬರೀ ನೀತಿಪಾಠ ಸಿಗುತ್ತದೆ. ನಡೆಯುವ ಸಂಗತಿಯ ಬೆನ್ನು ಹತ್ತಿದರೆ ಕಥೆ ಸಿಗುತ್ತದೆ.

ಶೂನ್ಯ ನೆರಳಿನ ದಿನವನ್ನೇ ನೋಡಿ. ಕಲಬುರಗಿ ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಸೂರ್ಯ ವರ್ಷಕ್ಕೆ ಎರಡು ಸಲ ಸರಿಯಾಗಿ ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ಒಂದು ಸಲ ಮೇ ಎರಡನೇ ವಾರದಲ್ಲಿ, ಇನ್ನೊಂದು ಸಲ ಆಗಸ್ಟ್ ಮೊದಲ ವಾರದಲ್ಲಿ. ಮೇ ತಿಂಗಳಲ್ಲಿ ಮಧ್ಯಾಹ್ನ 12.20ರ ಸುಮಾರಿಗೆ ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಅಂದು ಮಾತ್ರ ಕಥೆಯ ಹೊತ್ತು ಮಧ್ಯಾಹ್ನಕ್ಕೆ. ಅಂಗಳದಲ್ಲಿ ಒಂದು ಗಳಿಗೆ ನಿಂತು, ನೆರಳು ಕಾಣದಾಗುವುದನ್ನು ನೋಡಿ, ಓಡಿಬಂದು ಒಳಗೆ ಕೂರುತ್ತೇವೆ. ಈ ದಿನಕ್ಕೆ ನಾನು ಆರಿಸಿದ್ದು ಗ್ರೀಸ್ ದೇಶದ ಹಳೆಯ ಕಥೆ. ಒಬ್ಬ ಪ್ರಯಾಣಿಕ ಕತ್ತೆಯನ್ನು ಬಾಡಿಗೆಗೆ ಪಡೆಯುತ್ತಾನೆ. ನಡುದಾರಿಯಲ್ಲಿ ಬಿಸಿಲು ತಾಳದೆ ಕತ್ತೆಯ ನೆರಳಿನಲ್ಲಿ ಕೂರಲು ಹೋದರೆ, ನೀನು ಬಾಡಿಗೆಗೆ ಪಡೆದದ್ದು ಕತ್ತೆಯನ್ನು, ಅದರ ನೆರಳನ್ನಲ್ಲ ಎಂದು ಒಡೆಯ ತಗಾದೆ ತೆಗೆಯುತ್ತಾನೆ. ಕತ್ತೆಗಳ ದಿನವೂ ಅದೇ ವಾರ ಬರುವುದರಿಂದ ಒಂದೇ ಕಥೆ ಎರಡಕ್ಕೂ ಒದಗುತ್ತದೆ. ಕಥೆಯನ್ನು ಸೇಡಂ ರಸ್ತೆಗೆ ತಂದು ನಿಲ್ಲಿಸುವ ಆಸೆಯಾಗುತ್ತದೆ, ಆದರೂ ಹಾಗೆ ಮಾಡುವುದಿಲ್ಲ. ಅದು ಅಥೆನ್ಸ್‌ನಿಂದ ಮೆಗಾರಕ್ಕೆ ಹೋಗುವ ದಾರಿ ಎಂದೇ ಹೇಳುತ್ತೇನೆ. ನಕಾಶೆಯಲ್ಲಿ ಆ ಊರುಗಳನ್ನು ಹುಡುಕುವುದು ಮಕ್ಕಳ ಪಾಲಿಗೆ ಇನ್ನೊಂದು ಆಟ.

ಪರದೇಶದ ಕಥೆಗಳಿಗೆ ನನಗೆ ನೆರವಾಗುವುದು ಆರ್ನೆ, ಥಾಂಪ್ಸನ್, ಉಥರ್ ಎಂಬ ಮೂವರು ವಿದ್ವಾಂಸರ ಹೆಸರಿನ ವರ್ಗೀಕರಣ. ಜಗತ್ತಿನ ಜನಪದ ಕಥೆಗಳ ಮಾದರಿಗಳಿಗೆ ಅದರಲ್ಲಿ ಒಂದೊಂದು ಸಂಖ್ಯೆಯಿದೆ. ಸಂಖ್ಯೆ ಗೊತ್ತಾದರೆ ಅದೇ ಕಥೆ ಬೇರೆ ಯಾವ ನಾಡಿನಲ್ಲಿ ಯಾವ ವೇಷದಲ್ಲಿದೆ ಎಂದು ಹುಡುಕಬಹುದು. ಹಕ್ಕಿಗಳು ಹೊತ್ತು ಹಾರಿದ ಬಾಯಿಬಡುಕ ಆಮೆಯ ಕಥೆ 225ಎ. ಆಮೆಗಳ ದಿನಕ್ಕೆ ಅದು ಸಾಕು. ಜೇನುನೊಣಗಳ ದಿನಕ್ಕೆ ಒದಗಿದ್ದು 2036: ಜೇನಿನ ಒಂದು ಹನಿ. ಬೇಟೆಗಾರ ಎಣ್ಣೆ ವ್ಯಾಪಾರಿಯ ಅಂಗಡಿಗೆ ಜೇನು ತರುತ್ತಾನೆ. ಒಂದು ಹನಿ ನೆಲಕ್ಕೆ ಬೀಳುತ್ತದೆ. ಹನಿಗೆ ನೊಣ, ನೊಣಕ್ಕೆ ಹಕ್ಕಿ, ಹಕ್ಕಿಗೆ ಬೆಕ್ಕು, ಬೆಕ್ಕಿಗೆ ನಾಯಿ, ಕೊನೆಗೆ ಎರಡು ಊರುಗಳೇ ಹೊಡೆದಾಡುತ್ತವೆ. ಹೀಗೆ ಕೊಂಡಿ ಕೊಂಡಿಯಾಗಿ ಬೆಳೆಯುವ ಕಥೆಯನ್ನು ಮೂರನೆಯ ಕೊಂಡಿಯಿಂದ ಮಕ್ಕಳೇ ಎತ್ತಿಕೊಳ್ಳುತ್ತಾರೆ. ಮೇ 20 ಏಕೆ ಎಂದು ಕೇಳುವವರಿಗೆ, ಸ್ಲೊವೇನಿಯಾದ ಜೇನುಕೃಷಿಕ ಆಂಟನ್ ಯಾನ್ಶಾ 1734ರಲ್ಲಿ ಹುಟ್ಟಿದ ದಿನ ಅದು, ವಿಶ್ವಸಂಸ್ಥೆ 2017ರಲ್ಲಿ ಅದನ್ನು ಜೇನುನೊಣಗಳ ದಿನವೆಂದು ಘೋಷಿಸಿತು ಎಂದು ತಿಳಿಸುತ್ತೇನೆ.

ನಮ್ಮ ಹಬ್ಬಗಳ ಕಥೆಗಳಿಗೆ ಈ ಸಂಖ್ಯೆಗಳು ಸಾಲವು. ಅವು ಹಿರಿಯರ ಬಾಯಲ್ಲಿವೆ. ಆದರೆ "ಮುತ್ಯಾ, ಒಂದು ಕಥೆ ಹೇಳು" ಎಂದರೆ "ನನಗೆ ಯಾವ ಕಥೆ ಬರುತ್ತದೆ ತಂಗಿ" ಎಂಬ ಉತ್ತರವೇ ಹೆಚ್ಚು. ಕೆಲಸದ ಬಗ್ಗೆ ಕೇಳಬೇಕು. ಕಾರ ಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಬಳಿಯುವ ಹೊತ್ತಿನಲ್ಲಿ ಪಕ್ಕದಲ್ಲಿ ಕೂತು, ಎತ್ತಿಗೆ ಇಷ್ಟೆಲ್ಲಾ ಮರ್ಯಾದೆ ಯಾಕೆ ಎಂದು ಕೇಳಿದ್ದಕ್ಕೆ ಒಬ್ಬ ಮುತ್ಯಾ ಕೈಯಲ್ಲಿನ ಕುಂಚ ನಿಲ್ಲಿಸದೆ ಹೇಳಿದ ಕಥೆ ಇದು. ದಿನಕ್ಕೆ ಮೂರು ಸಲ ಸ್ನಾನ ಮಾಡಿ ಒಂದು ಸಲ ಉಣ್ಣಿರಿ ಎಂದು ಮನುಷ್ಯರಿಗೆ ತಿಳಿಸಿ ಬಾ ಎಂದು ಶಿವನು ಬಸವಣ್ಣನನ್ನು ಭೂಮಿಗೆ ಕಳಿಸಿದ. ಬಸವಣ್ಣ ಬಂದು, ಮೂರು ಸಲ ಉಣ್ಣಿರಿ, ಒಂದು ಸಲ ಸ್ನಾನ ಮಾಡಿರಿ ಎಂದು ಸಾರಿಬಿಟ್ಟ. ಮೂರು ಹೊತ್ತಿನ ಊಟಕ್ಕೆ ಕಾಳು ಎಲ್ಲಿಂದ ಬರಬೇಕು, ಹೋಗಿ ನೀನೇ ನೇಗಿಲು ಎಳೆ ಎಂದ ಶಿವ. ಈ ಕಥೆಯನ್ನು ನಾನು ಪುಸ್ತಕದಲ್ಲೂ ಓದಿದ್ದೆ. ಆದರೆ ಮುತ್ಯಾ ಕೊನೆಗೆ ಸೇರಿಸಿದ ಮಾತು ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ: "ಬಸವಣ್ಣ ಮರೆತು ಹೇಳಲಿಲ್ಲ ತಂಗಿ. ನಮ್ಮ ಹಸಿವು ನೋಡಿ ಬೇಕೆಂದೇ ಹಾಗೆ ಹೇಳಿದ." ಅಂದಿನಿಂದ ನಾನು ಈ ಕಥೆಯನ್ನು ಹೀಗೆಯೇ ಮುಗಿಸುತ್ತೇನೆ, ಮುತ್ಯಾನ ಮಾತೆಂದು ತಿಳಿಸಿಯೇ ಮುಗಿಸುತ್ತೇನೆ. ಕಥೆ ಹೇಳಿ ಮಕ್ಕಳನ್ನು ಕರಿ ಹರಿಯುವುದನ್ನು, ಅಂದರೆ ಎತ್ತುಗಳ ಓಟವನ್ನು, ನೋಡಲು ಕರೆದೊಯ್ದರೆ, ಬಿಳಿ ಎತ್ತು ಮುಂದಾದರೆ ಬಿಳಿಜೋಳ ಚೆನ್ನಾಗಿ ಬರುತ್ತದೆಂಬ ಹಿರಿಯರ ಲೆಕ್ಕಾಚಾರ ಅವರ ಕಿವಿಗೆ ತಾನಾಗಿಯೇ ಬೀಳುತ್ತದೆ. ಮುಂದಿನ ಮಣ್ಣೆತ್ತಿನ ಅಮಾವಾಸ್ಯೆಗೆ ಅದೇ ಕಥೆಯನ್ನು ಮಕ್ಕಳಿಂದಲೇ ಹೇಳಿಸುತ್ತೇನೆ. ಕೈಗೆ ಕರಿಮಣ್ಣು ಮೆತ್ತಿಕೊಂಡು ಎತ್ತು ಮಾಡುವಾಗ ನಾಚಿಕೆಯ ಮಕ್ಕಳೂ ಮಾತಾಡುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಜನ ನಿಜವೆಂದು ನಂಬುವ ಐತಿಹ್ಯವನ್ನು ಕಟ್ಟುಕಥೆಯ ಜೊತೆ ಬೆರೆಸುವುದಿಲ್ಲ. ಹೋಳಿಯ ನಂತರ ಬೀದರಿನ ಅಷ್ಟೂರಿನಲ್ಲಿ ನಡೆಯುವ ಅಹ್ಮದ್ ಶಾ ವಲಿಯ ಉರುಸಿಗೆ ನಮ್ಮ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಹೋಗುತ್ತಾರೆ. ಆ ಬಹಮನಿ ಸುಲ್ತಾನನನ್ನು ಅಲ್ಲಮಪ್ರಭುವಿನ ಅವತಾರವೆಂದು ನಂಬುವವರಿದ್ದಾರೆ. ಅದನ್ನು ಹೇಳುವಾಗ "ಒಂದಾನೊಂದು ಊರಿನಲ್ಲಿ" ಎಂದು ಶುರುಮಾಡುವುದಿಲ್ಲ. ಊರಿನ ಹೆಸರು, ನಂಬುವವರ ಮಾತು ಇದ್ದ ಹಾಗೆಯೇ ಇರಬೇಕು.

ಈಗ ನಾಗರ ಪಂಚಮಿಯ ಕಥೆಗಳನ್ನು ಕೂಡಿಸುತ್ತಿದ್ದೇನೆ. ಶಾಲೆ ಆಗ ನಡೆಯುತ್ತಿರುತ್ತದೆ, ಆದರೂ ಹಬ್ಬದ ರಜೆಗೆ ಮಕ್ಕಳು ಬರುತ್ತಾರೆ. ನೇಗಿಲಿಗೆ ಸಿಕ್ಕಿ ಸತ್ತ ಹಾವಿನ ಮರಿಗಳು, ಸೇಡಿಗೆ ಬಂದ ತಾಯಿಹಾವು, ಹಾಲೆರೆದು ತವರನ್ನು ಉಳಿಸಿಕೊಂಡ ಮಗಳು, ಇದು ಕಥೆಯ ಒಂದು ಪಾಠ, ಅಂದರೆ ಒಂದು ರೂಪ. ಹಾವು ಕಚ್ಚಿದ ಅಣ್ಣನನ್ನು ಹುತ್ತದ ಮಣ್ಣಿನಿಂದ ತಂಗಿ ಬದುಕಿಸಿಕೊಳ್ಳುವುದು ಇನ್ನೊಂದು. ಪಂಚಮಿಗೆ ಮದುವೆಯಾದ ಹೆಣ್ಣುಮಕ್ಕಳೆಲ್ಲ ತವರಿಗೆ ಬರುವುದರಿಂದ ಅಫಜಲಪುರ, ಹುಮನಾಬಾದ್, ಶಹಾಪುರ ಕಡೆಯ ಪಾಠಗಳು ಆ ವಾರ ನಮ್ಮ ಊರಿನಲ್ಲೇ ಸಿಗುತ್ತವೆ. ಜೋಕಾಲಿ ಕಟ್ಟಿದ ಬೇವಿನ ಮರದ ಕೆಳಗೆ ಸರದಿಗೆ ಕಾಯುತ್ತಿರುವವರನ್ನು, ನಿಮ್ಮ ಗಂಡನ ಊರಿನಲ್ಲಿ ಹುತ್ತಕ್ಕೆ ಹಾಲು ಯಾರು ಮೊದಲು ಎರೆಯುತ್ತಾರೆ, ಯಾಕೆ ಎಂದು ಕೇಳುತ್ತೇನೆ. ಒಪ್ಪಿದವರ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಹೇಳಿದವರ ಹೆಸರು, ತವರೂರು, ಗಂಡನ ಊರು ಮೂರನ್ನೂ ಅಂದೇ ವಹಿಯಲ್ಲಿ ಬರೆದಿಡುತ್ತೇನೆ.